ತಮ್ಮನಿಗೆ ನೆಡದ ಕೋಲು

ಆ ದಿನ ಬೆಳಿಗ್ಗೆ ನಾನು ಕಡಲ ದಡದ ಹೊಯ್ಗೆಯಲ್ಲಿ ಇಪ್ಪತ್ತೆರಡು ಕೋಲು ನೆಟ್ಟೆ. ನನ್ನ ತಮ್ಮನಿಗೆ ಒಂದು ನೆಡಲಿಲ್ಲ. ಕೋಲು ಸಾಲಲಿಲ್ಲ ಎಂದಲ್ಲ, ಕಂಕುಳಲ್ಲಿ ಇನ್ನೂ ಎರಡು ಇದ್ದವು. ಅವುಗಳನ್ನು ಬಲೆಯ ಕೊಟ್ಟಿಗೆಯ ಮೂಲೆಗೆ ಒರಗಿಸಿಟ್ಟು ಬಂದೆ. ಮಾಡಬೇಕಾಗಿದ್ದ ಕೆಲಸ ಅಷ್ಟೇ, ಒಂದು ಗಾಳಿಮರದ ಕೋಲನ್ನು ಹೊಯ್ಗೆಗೆ ಚುಚ್ಚುವುದು. ಅದನ್ನು ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆದು ರೂಢಿಯಿಲ್ಲ. ಕಾಗುಣಿತ ಮಗಳು ತಿದ್ದಿದ್ದಾಳೆ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ನಮ್ಮ ಊರು ಕುಂದಾಪುರಕ್ಕೂ ಬೈಂದೂರಿಗೂ ನಡುವೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ಎರಡರ ಮಧ್ಯೆ ಹೆದ್ದಾರಿ. ಕೊರೋನಾ ಬಂತೆಂದು ಎಲ್ಲ ಬಂದ್ ಮಾಡಿದಾಗ ಮೊದಲು ನಿಂತದ್ದು ಹೆದ್ದಾರಿಯ ಸದ್ದು. ಮನೆಯ ಜಗಲಿಯಲ್ಲಿ ಕೂತರೆ ಒಂದು ಕಿವಿಗೆ ಕಡಲು, ಇನ್ನೊಂದು ಕಿವಿಗೆ ಹೊಳೆ. ಹುಟ್ಟಿದ ಮೇಲೆ ಹಾಗೆ ಕೇಳಿದ್ದು ಅದೇ ಮೊದಲು. ಎರಡು ದಿನ ಚೆಂದ ಅನಿಸಿತು. ಆಮೇಲೆ ಹೆದರಿಕೆಯಾಯಿತು.

ನಾನು ಪರ್ಸಿನ್ ಎಂಬ ದೊಡ್ಡ ಬೋಟಿನಲ್ಲಿ ಬಲೆ ಎಳೆಯುವವನು. ಮೂವತ್ತು ಜನರ ನಡುವೆ ಒಬ್ಬ. ಬಂದರು ಮುಚ್ಚಿದ ದಿನ ಬೋಟಿನವರು "ಮನಿಗ್ ಹೋಯ್ನಿ, ಫೋನ್ ಮಾಡ್ತೆ" ಎಂದರು. ಫೋನ್ ಬರಲಿಲ್ಲ. ಅಂಗಡಿ ಬೆಳಿಗ್ಗೆ ಸ್ವಲ್ಪ ಹೊತ್ತು ತೆರೆಯುತ್ತಿತ್ತು. ಅಕ್ಕಿ ಇತ್ತು. ಮಳೆಗಾಲಕ್ಕೆಂದು ಇಟ್ಟ ಒಣಮೀನನ್ನು ಬೇಸಗೆಯಲ್ಲೇ ತಿಂದು ಮುಗಿಸಿದೆವು. ಆಮೇಲೆ ಗಂಜಿ, ಮಾವಿನಮಿಡಿ. ಎದುರಿಗೆ ಅಷ್ಟು ದೊಡ್ಡ ಕಡಲು ಇಟ್ಟುಕೊಂಡು ಮೀನಿಲ್ಲದೆ ಉಣ್ಣುವುದೆಂದರೆ ನಮ್ಮವರಿಗೆ ಅವಮಾನ. ಯಾರೂ ಯಾರ ಮನೆಯ ಊಟದ ಸುದ್ದಿಯನ್ನೂ ಕೇಳುತ್ತಿರಲಿಲ್ಲ.

ದೊಡ್ಡ ಬೋಟುಗಳಿಗೆ ಅನುಮತಿ ಇಲ್ಲದಿದ್ದರೂ ನಾಡದೋಣಿಗೆ, ಕೈಯಲ್ಲಿ ಎಳೆಯುವ ಬಲೆಗೆ ಅಡ್ಡಿಯಿಲ್ಲ ಎಂಬ ಮಾತು ಏಪ್ರಿಲ್ ನಡುವಿಗೆ ಬಂತು. ನಮ್ಮ ಕೇರಿಯ ಇಪ್ಪತ್ತೆರಡು ಮನೆಗಳಿಗೆ ಸೇರಿದ ಒಂದು ಕೈರಂಪಣಿ ಬಲೆ ಇತ್ತು. ಅದು ಇದ್ದದ್ದು ಕೇರಿಯ ಹಿರಿಯರೊಬ್ಬರ ಕೊಟ್ಟಿಗೆಯ ಅಟ್ಟದ ಮೇಲೆ. ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಕೇಳಲು ಹೋದಾಗ ಅವರು ಮಾಸ್ಕನ್ನು ಗಡ್ಡಕ್ಕೆ ಇಳಿಸಿ ಹೇಳಿದರು:

"ಬಲೆ ಇತ್ತ್ ಮಾರಾಯ. ಇಲಿ ತಿಂದ್ ಉಳ್ದದ್ದ್."

ಕೈರಂಪಣಿಯ ಕೆಲಸ ಹೀಗೆ. ಬಲೆಯ ಒಂದು ಹಗ್ಗ ದಡದಲ್ಲಿ ಉಳಿಯುತ್ತದೆ. ದೋಣಿ ಬಲೆಯನ್ನು ಕಡಲಿಗೆ ಒಯ್ದು, ಅರ್ಧ ಚಂದ್ರನ ಹಾಗೆ ಇಳಿಸುತ್ತ ಬಂದು, ಇನ್ನೊಂದು ಹಗ್ಗವನ್ನು ದೂರದಲ್ಲಿ ದಡಕ್ಕೆ ಮುಟ್ಟಿಸುತ್ತದೆ. ಮೇಲೆ ತೇಲುವ ಬೆಂಡು, ಕೆಳಗೆ ಭಾರಕ್ಕೆ ಈಯದ ಗುಂಡು. ಎರಡು ಹಗ್ಗಕ್ಕೂ ಜನ ನಿಂತು ಒಂದೇ ಸಮ ಎಳೆಯಬೇಕು. ಒಂದು ಕಡೆ ಸಡಿಲವಾದರೆ ಗುಂಡು ನೆಲ ಬಿಟ್ಟು ಏಳುತ್ತದೆ, ಮೀನು ಅಡಿಯಿಂದ ಹೋಗುತ್ತದೆ. ಅದಕ್ಕೇ ನಡುವೆ ಒಬ್ಬ ನಿಂತು ನೀರಿನ ಬಣ್ಣ ನೋಡುತ್ತ, ಕೈಯ ಬಟ್ಟೆ ಬೀಸುತ್ತ, ಯಾವ ಕಡೆ ಬಿಗಿ, ಯಾವ ಕಡೆ ನಿಧಾನ ಎಂದು ಹೇಳಬೇಕು. ಅವನು ತಾಂಡೇಲ. ನಮ್ಮ ಅಪ್ಪ ಈ ಬಲೆಗೆ ತಾಂಡೇಲನಾಗಿದ್ದ. ನೀರು ಓದುವುದನ್ನು ಅವನ ಪಕ್ಕದಲ್ಲಿ ನಿಂತು ಕಲಿತವರು ನಾನು, ನನ್ನ ತಮ್ಮ ಇಬ್ಬರೇ. ತಮ್ಮ ಮುಂಬೈಯಲ್ಲಿ ಕ್ಯಾಂಟೀನ್ ಕೆಲಸಕ್ಕೆ ಹೋಗಿ ಬಹಳ ವರ್ಷ ಆಗಿತ್ತು. ಹಾಗಾಗಿ ಬಟ್ಟೆ ನನ್ನ ಕೈಗೆ ಬಂತು.

ಇದನ್ನು ಮುಚ್ಚಿಡುವುದಿಲ್ಲ. ಬೋಟಿನಲ್ಲಿ ನನ್ನನ್ನು "ಹ್ವಾಯ್" ಎಂದು ಕರೆಯುತ್ತಿದ್ದರು. ಇಲ್ಲಿ "ತಾಂಡೇಲ್ರೇ" ಎಂದರು. ಊರಿಗೆಲ್ಲ ಕಷ್ಟ ಬಂದ ಕಾಲದಲ್ಲಿ ನನಗೆ ಮರ್ಯಾದೆ ಬಂತು.

ಬಲೆ ಬಿಚ್ಚಿ ಹರಡಿದಾಗ ಕೈ ಹೋಗುವಷ್ಟು ದೊಡ್ಡ ತೂತುಗಳು. ನೂಲಿನ ಅಂಗಡಿಗಳು ಬಂದ್. ಯಾವುದೋ ಹಳೆಯ ಟ್ರಾಲ್ ಬಲೆಯ ತುಂಡು ಗಾಳಿಮರದ ಬುಡದಲ್ಲಿ ಬಿದ್ದಿತ್ತು, ಹಸಿರು ನೂಲಿನದು. ಅದನ್ನು ಬಿಚ್ಚಿ ಬಿಚ್ಚಿ ನೂಲು ಮಾಡಿಕೊಂಡೆವು. ಒಬ್ಬೊಬ್ಬರು ಒಂದೊಂದು ಮಾರು ದೂರದಲ್ಲಿ ಕೂತು ಹೆಣೆದೆವು. ಎಂಟು ದಿನ ಹಿಡಿಯಿತು. ತೆಂಕಣ ಹಗ್ಗದ ನಡುವನ್ನೇ ಇಲಿ ಕಡಿದಿತ್ತು. ಅಲ್ಲಿ ಎರಡು ತುದಿ ಸೇರಿಸಿ ಅದೇ ಹಸಿರು ನೂಲಿನಿಂದ ನಾನೇ ಬಿಗಿದು ಸುತ್ತಿದೆ. ಮುಷ್ಟಿಯಷ್ಟು ಉದ್ದದ ಹಸಿರು ಬೆಸುಗೆ.

ಪಂಚಾಯತಿನವರು ದೂರ ದೂರ ನಿಲ್ಲಬೇಕು ಎಂದರು. ಮೊದಲ ದಿನ ಹಗ್ಗಕ್ಕೇ ಬಟ್ಟೆಯ ಚೂರು ಕಟ್ಟಿ ಗುರುತು ಮಾಡಿದೆವು. ನಿನ್ನದು ಕೆಂಪು, ನನ್ನದು ಬಿಳಿ ಎಂದು ಹಂಚಿದ್ದೂ ಆಯಿತು. ಎಳೆಯಲು ಶುರು ಮಾಡಿದ ಮೇಲೆ ಎಲ್ಲರಿಗೂ ನಗು. ಎಳೆದರೆ ಹಗ್ಗ ಮುಂದೆ ಬರುತ್ತದಲ್ಲ! ಕೆಂಪು ಚೂರು ಬಿಳಿಯವನ ಕೈಗೆ, ಬಿಳಿ ಚೂರು ಅವನ ಹಿಂದಿನವನ ಕೈಗೆ. ನಮ್ಮೊಡನೆ ಒಬ್ಬ ಬಸ್ ಕಂಡಕ್ಟರ್ ಎಳೆಯುತ್ತಿದ್ದ. ಅವನ ಬಸ್ಸು ಬ್ರಹ್ಮಾವರದಲ್ಲಿ ನಿಂತುಹೋಗಿತ್ತು. ಅವನು ಕೂಗಿದ:

"ಹ್ವಾಯ್, ನನ್ನ್ ಸೀಟ್ ಹೋಯ್ತ್! ಹಿಂದ್ಗಡಿ ಹೋಯ್ನಿ, ಹಿಂದ್ಗಡಿ ಹೋಯ್ನಿ, ಮಧ್ಯ ಎಲ್ಲ ಖಾಲಿ ಇತ್ತ್!"

ಮರುದಿನದಿಂದ ಹೊಯ್ಗೆಯಲ್ಲಿ ಕೋಲು ನೆಟ್ಟೆವು. ಒಂದೊಂದು ಹಗ್ಗಕ್ಕೆ ಹನ್ನೊಂದು ಕೋಲು. ಮೊದಲಿನ ಹಾಗೆ ಹಗ್ಗ ಹಿಡಿದು ಹಿಂದೆ ಹಿಂದೆ ನಡೆಯುವಂತಿಲ್ಲ. ಅವರವರ ಕೋಲಿನ ಹತ್ತಿರ ನಿಂತು, ಕೈ ಮೇಲೆ ಕೈ ಹಾಕಿ ಎಳೆಯಬೇಕು. ಕಂಡಕ್ಟರ್ "ರೈಟ್, ರೈಟ್" ಎನ್ನುತ್ತಿದ್ದ. ಎಳೆದು ಮುಗಿಸಿ ಎಲ್ಲರೂ ಸಾಬೂನಿನಲ್ಲಿ ಕೈ ತೊಳೆಯುತ್ತಿದ್ದರು. ಮೀನನ್ನು ಹೆಂಗಸರು ಬುಟ್ಟಿಯಲ್ಲಿ ಹೊತ್ತು ಮನೆ ಮನೆಗೆ ಒಯ್ಯುತ್ತಿದ್ದರು. ಜನ ಗೇಟಿನ ಕಂಬದ ಮೇಲೆ ಪಾತ್ರೆ ಇಟ್ಟು ಒಳಗೆ ಹೋಗಿ ನಿಲ್ಲುತ್ತಿದ್ದರು. ಇವರು ಮೀನು ಹಾಕಿ ಹತ್ತು ಹೆಜ್ಜೆ ಸರಿದ ಮೇಲೆ ಬಂದು ತೆಗೆದುಕೊಳ್ಳುತ್ತಿದ್ದರು. ನನ್ನ ಹೆಂಡತಿ ಒಂದು ದಿನ ಬುಟ್ಟಿ ಇಳಿಸಿ ಹೇಳಿದಳು: "ದೈವಕ್ಕ್ ಬಡ್ಸಿಟ್ಟಂಗ್ ಆಯ್ತ್. ಇಟ್ಟ್ ಹಿಂದ್ ತಿರ್ಗಿ ಕಾಣ್ದೆ ಬಪ್ದ್."

ಆ ದಿನಗಳಲ್ಲಿ ತಮ್ಮ ಫೋನ್ ಮಾಡುತ್ತಿದ್ದ. ಅವನಿಗೆ ಮದುವೆಯಾಗಿಲ್ಲ. ಊರು ಎಂದರೆ ನಮ್ಮ ಮನೆಯೇ.

"ಅಣ್ಣ, ಕ್ಯಾಂಟೀನ್ ಬಂದ್. ಖೋಲಿಯಲ್ ಒಂಬತ್ ಜನ ಇತ್ತ್. ಪಾಳಿ ಮೇಲ್ ಮನ್ಕಂಬುದ್. ಎಂತ ಮಾಡ್ಕ್?"

"ಬಾ ಮಾರಾಯ. ಬಲೆ ಹೆರ್ಗ್ ತೆಗ್ದಿತ್. ಹಗ್ಗಕ್ಕ್ ಜನ ಬೇಕ್."

ಕೋಲಿನ ಕಥೆ ಹೇಳಿದೆ. ಅವನು ಬಹಳ ನಕ್ಕ. ಆಮೇಲೆ, "ಹಂಗಾರೆ ನಂಗೊಂದ್ ಕೋಲ್ ಕಡ್ದ್ ಇಡ್" ಎಂದ. "ಇಡ್ತೆ" ಎಂದೆ. ಫೋನ್ ಇಟ್ಟವನೇ ಗಾಳಿಮರದ ಟೊಂಗೆ ಕಡಿದು, ಸಿಪ್ಪೆ ಕೆತ್ತಿ ಕೊಟ್ಟಿಗೆಯಲ್ಲಿಟ್ಟೆ. ಅದು ಸುಳ್ಳಲ್ಲ.

ಮೇ ಮೊದಲಲ್ಲಿ ಪಾಸ್ ಸಿಕ್ಕಿ ಬಂದ. ಬಸ್ಸಿನವರು ನೇರ ಶಾಲೆಗೆ ಒಯ್ದರು. ಅಲ್ಲಿ ಹದಿನಾಲ್ಕು ದಿನ. ಹೆಂಡತಿ ದಿನಾ ಗೇಟಿನವರೆಗೆ ಹೋಗಿ ಮೀನಿನ ಸಾರಿನ ತೂಕುಗಿಂಡಿ ಇಟ್ಟು ಬರುತ್ತಿದ್ದಳು. ನಾನು ಎರಡು ಸಲ ಹೋದೆ. ಅವನು ಕ್ಲಾಸಿನ ಕಿಟಕಿಯಿಂದ ಕೈ ಬೀಸಿ, "ನಾಲ್ಕನೇ ಕ್ಲಾಸ್ ಕೋಣೆ ಅಣ್ಣ! ನೀ ಬಿಟ್ ಹೋದ್ದ್ ನಾ ಮುಗ್ಸ್ತಿದ್ದೆ" ಎಂದು ಕೂಗಿದ. ಗಂಟಲಿನ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂತು. ಮನೆಗೆ ಬಂದ ಮೇಲೂ ಆಸ್ಪತ್ರೆಯವರು ಹೇಳಿದಷ್ಟು ದಿನ ಹಿಂದಿನ ಕೋಣೆಯಲ್ಲೇ ಇದ್ದ. ಬಟ್ಟಲು ತಾನೇ ತೊಳೆದ, ಬಟ್ಟೆ ತಾನೇ ಒಗೆದ. ಕೊನೆಯ ದಿನ ಆರೋಗ್ಯದ ಕೆಲಸ ಮಾಡುವ ಹೆಂಗಸು ಬಂದು, ಇನ್ನು ಹೊರಗೆ ಹೋಗಬಹುದು ಎಂದು ಅಂಗಳದಲ್ಲಿ ನಿಂತು ಹೇಳಿದಳು. ಕೇರಿಯವರೆಲ್ಲ ಕೇಳಿದರು.

ಆ ಸಂಜೆ ಯಜಮಾನರೂ ಇನ್ನು ನಾಲ್ಕು ಜನರೂ ನಮ್ಮ ಅಂಗಳದ ತುದಿಗೆ ಬಂದರು. ಬೇಲಿ ದಾಟಲಿಲ್ಲ.

"ನಾಳೆ ನಿನ್ ತಮ್ಮ ಹಗ್ಗಕ್ಕ್ ಬತ್ತ ಅಂಬ್ರ್?"

"ಬಂದ್ರೆ ಎಂತ? ಎಲ್ಲ ದಿನ ಮುಗ್ಸಿದ."

"ಕಾಗ್ದ ನೀ ಓದ್ಕೊ. ನಮ್ಗ್ ಮಕ್ಳ್ ಮರಿ ಇತ್ತ್. ಅವ ಬಂದ್ರೆ ನಾವ್ ಬತ್ತಿಲ್ಲೆ. ಬಟ್ಟೆ ಯಾರಿಗ್ ಬೀಸ್ತೆ ನೀ?"

ನಾನು "ಕಾಂಬ" ಎಂದೆ. ನೋಡೋಣ ಎಂದರ್ಥ, ಹೌದೂ ಅಲ್ಲದ, ಅಲ್ಲವೂ ಅಲ್ಲದ ಮಾತು ಅದು. ಒಳಗೆ ತಮ್ಮ ಕೇಳಿಸಿಕೊಂಡನೋ ಇಲ್ಲವೋ ಗೊತ್ತಿಲ್ಲ. ಹೆಂಡತಿ ಕೇಳಿಸಿಕೊಂಡಳು.

ಬೆಳಿಗ್ಗೆ ಕೋಲು ನೆಡುವಾಗ ಅವನು ಬಂದ. ಸ್ನಾನ ಮಾಡಿ, ಹಳೆಯ ಚಡ್ಡಿ ಹಾಕಿ, ಮುಖಕ್ಕೆ ಹೊಸ ಮಾಸ್ಕ್ ಕಟ್ಟಿದ್ದ. ಊರಿನ ಕಡಲನ್ನು ಬಹಳ ವರ್ಷದ ಮೇಲೆ ನೋಡಿದವನು, ಅಲೆಯ ಹತ್ತಿರ ಹೋಗಿ ಕಾಲು ನೆನೆಸಿ ಬಂದ.

"ಅಣ್ಣ, ನಂಗ್ ಯಾವ್ ಕೋಲ್?"

"ನಿಲ್ಲ್, ಕಡೀಗ್ ಕಾಂಬ."

ಅವನು ನನ್ನ ಮುಖ ನೋಡಿದ. ಹೋಗಿ ಗಾಳಿಮರದ ಕೆಳಗೆ ಕೂತ. ನಾನು ಉಳಿದ ಎರಡು ಕೋಲನ್ನು ಕೊಟ್ಟಿಗೆಗೆ ಒಯ್ದೆ. ಸಿಪ್ಪೆ ಕೆತ್ತಿದ್ದು ಅವುಗಳಲ್ಲೇ ಒಂದು.

ಅವತ್ತು ನೀರಿನಲ್ಲಿ ಬೈಗೆ ಮೀನಿನ ಬಣ್ಣ ಕಂಡಿತು. ಬೂತಾಯಿ ಎನ್ನುತ್ತಾರಲ್ಲ, ಅದು. ಹಿಂಡು ದೊಡ್ಡದು, ನೀರು ಮಸಿ ಚೆಲ್ಲಿದ ಹಾಗೆ. ದೋಣಿಯವರು ಬಲೆ ಇಳಿಸಿ ಬಂದರು. ಎಳೆತ ಶುರುವಾಯಿತು. ಅರ್ಧ ಹಗ್ಗ ಬಂದ ಮೇಲೆ ಬಲೆ ಭಾರವಾಯಿತು. ಮೀನು ಒಳಗಿದೆ ಎಂದು ಎಲ್ಲರ ಬೆನ್ನಿಗೂ ಗೊತ್ತಾಯಿತು. ತೆಂಕಣ ಹಗ್ಗದವರು ಸೋಲತೊಡಗಿದರು. ನಾನು ಅವರ ಕಡೆ ಬಟ್ಟೆ ಬೀಸಿ ಬಿಗಿ ಬಿಗಿ ಎಂದು ಕೂಗುತ್ತಿದ್ದೆ.

ಹಗ್ಗ ಸೋಲುವುದನ್ನು ಕಂಡರೆ ಕಡಲಿನವನಿಗೆ ಕೂತಿರಲು ಆಗುವುದಿಲ್ಲ. ತಮ್ಮ ಎದ್ದು ಓಡಿ ಬಂದು ತೆಂಕಣ ಹಗ್ಗದ ತುದಿ ಹಿಡಿದ. ಕಾಲು ಹೊಯ್ಗೆಗೆ ಊರಿ ಎಳೆದ. ಹಗ್ಗ ಒಂದು ಮಾರು ಬಂತು. ಹನ್ನೊಂದನೆಯ ಕೋಲಿನವನು ತಿರುಗಿ ನೋಡಿ ಹಗ್ಗ ಬಿಟ್ಟ. ಅವನನ್ನು ನೋಡಿ ಹತ್ತನೆಯವನು ಬಿಟ್ಟ. ಒಂಬತ್ತು, ಎಂಟು, ಏಳು. ಕೈ ಮೇಲೆತ್ತಿ ನಿಂತರು. ಹಗ್ಗ ಮುಂದಿನವರ ಕೈಯಲ್ಲಿ ಜಾರಿ ಕಡಲಿಗೆ ಹೋಗತೊಡಗಿತು. ಆ ತುದಿಯಲ್ಲಿ ತಮ್ಮ ಒಬ್ಬನೇ ಹಿಂದಕ್ಕೆ ಬಾಗಿ ನಿಂತಿದ್ದ. ಹಗ್ಗ ಅವನನ್ನು ಎಳೆದುಕೊಂಡು ಹೋಗುತ್ತಿತ್ತು. ಹೊಯ್ಗೆಯಲ್ಲಿ ಅವನ ಹಿಮ್ಮಡಿಯ ಎರಡು ಗೆರೆ ಮೂಡಿತು.

ತೆಂಕಣದ ಬೆಂಡುಗಳು ಸಡಿಲಾಗಿ ಕುಣಿಯತೊಡಗಿದವು. ಬಡಗಣದ ಹಗ್ಗದಿಂದ ಯಜಮಾನರು ಕೂಗಿದರು:

"ಎಂತಾರೂ ಹೇಳ್ ಮಾರಾಯ! ಬಲೆ ಹೋತ್ತ್! ತಾಂಡೇಲ ನೀನಾ, ಅವನಾ?"

ಎರಡು ಮಾತು ಹೇಳಬಹುದಿತ್ತು. ಬಿಟ್ಟವರಿಗೆ "ಹಿಡೀನಿ" ಎನ್ನಬಹುದಿತ್ತು. ಅಥವಾ ಬಟ್ಟೆ ಬಿಸಾಡಿ ನಾನೇ ಓಡಿ ತಮ್ಮನ ಮುಂದಿನ ಹಗ್ಗ ಹಿಡಿಯಬಹುದಿತ್ತು. ನಾನು ತಮ್ಮನ ಕಡೆ ಬಟ್ಟೆ ಬೀಸಿ ಕೂಗಿದೆ:

"ಹಗ್ಗ ಬಿಡ್! ಹ್ವಾಯ್, ಹಗ್ಗ ಬಿಡ್!"

ಮನೆಯಲ್ಲಿ ಕರೆಯುವ ಹಾಗೆ ಸಣ್ಣ ಎಂದೂ ಕರೆಯಲಿಲ್ಲ. ಬೋಟಿನಲ್ಲಿ ನನ್ನನ್ನು ಕರೆಯುವ ಹಾಗೆ ಕರೆದೆ.

ಅವನು ಬಿಟ್ಟ. ಅಂಗೈ ನೋಡಿಕೊಂಡ. ಚರ್ಮ ಸುಲಿದಿತ್ತು. ಕೋಲಿನವರು ಒಬ್ಬೊಬ್ಬರಾಗಿ ಹಿಡಿದರು. ಕೊನೆಯವನು ಮಾತ್ರ ತಮ್ಮ ಹಿಡಿದಿದ್ದ ಜಾಗವನ್ನು ಕಾಲಿನಲ್ಲಿ ಹೊಯ್ಗೆಗೆ ಉಜ್ಜಿ ಹಿಡಿದ. ಅರ್ಧದಷ್ಟು ಮೀನು ಹೋಗಿತ್ತು. ಆದರೂ ಬಲೆಯ ಮಡಿಲು ತುಂಬ ಬಂತು. ಆ ವರ್ಷದ ದೊಡ್ಡ ಎಳೆತ ಅದೇ. ಬಲೆ ದಡಕ್ಕೆ ಬರುವಷ್ಟರಲ್ಲಿ ತಮ್ಮ ಅಲ್ಲಿರಲಿಲ್ಲ.

ನಮ್ಮಲ್ಲಿ ಒಂದು ಕ್ರಮ ಇದೆ. ರಂಪಣಿಯ ಹಗ್ಗ ಮುಟ್ಟಿದವರಿಗೆಲ್ಲ ಮೀನಿನ ಪಾಲು. ದಾರಿಯಲ್ಲಿ ಹೋಗುವವನು ಬಂದು ಕೊನೆಯ ಹತ್ತು ಮಾರು ಎಳೆದರೂ ಅವನಿಗೆ ಒಂದು ರಾಶಿ. ಹಗ್ಗ ಹಿಡಿದವನನ್ನು ಬಿಡು ಎನ್ನುವಂತಿಲ್ಲ. ಹಗ್ಗ ಮುಟ್ಟಬಾರದವರು ಒಬ್ಬರೇ, ಮನೆಯಲ್ಲಿ ಸಾವಾಗಿ ಸೂತಕ ಕಳೆಯದವರು. ನಾನು ರಾಶಿ ಹಾಕುವಾಗ, ನನ್ನದೂ ದೋಣಿಯವರದೂ ಬಿಟ್ಟರೆ, ಕೋಲಿಗೊಂದರಂತೆ ಇಪ್ಪತ್ತೆರಡೇ ಹಾಕಿದೆ. ನನ್ನ ರಾಶಿಯಿಂದ ಒಳ್ಳೆಯದನ್ನು ಆರಿಸಿ ಚೀಲಕ್ಕೆ ತುಂಬಿ ಮನೆಗೆ ಒಯ್ದೆ. ಹೆಂಡತಿ ಚೀಲ ನೋಡಿದಳು, ನನ್ನನ್ನು ನೋಡಿದಳು. ಸುದ್ದಿ ನನಗಿಂತ ಮೊದಲು ಬಂದಿತ್ತು.

"ನಮ್ಮನೇಲ್ ಯಾರ್ ಸತ್ತದ್?" ಎಂದಳು.

ಚೀಲವನ್ನು ಹಿಂದಿನ ಕೋಣೆಯ ಬಾಗಿಲಿಗೆ ಇಟ್ಟೆ. ಸಂಜೆಗೆ ಅದು ನಮ್ಮ ಬೇಲಿಯ ಗೂಟದಲ್ಲಿ ನೇತಾಡುತ್ತಿತ್ತು. ಬಾಯಿ ಕಟ್ಟಿದ ಹಾಗೆಯೇ ಇತ್ತು. ಇರುವೆ ಹತ್ತಿತ್ತು.

ಮರುದಿನದಿಂದ ತಮ್ಮ ಕಡಲ ಕಡೆ ಬರಲಿಲ್ಲ. ರಸ್ತೆ ದಾಟಿ ಹೊಳೆಗೆ ಹೋಗತೊಡಗಿದ. ಇಳಿತದ ಹೊತ್ತಿಗೆ ಎದೆಮಟ್ಟದ ನೀರಿನಲ್ಲಿ ನಿಂತು, ಕಾಲಿನಲ್ಲೇ ಕೆಸರು ತಡವಿ, ಮಳಿ ಹೆಕ್ಕುವುದು. ಮಳಿ ಎಂದರೆ ಕಪ್ಪೆಚಿಪ್ಪು. ಅದು ಒಂಟಿ ಕೆಲಸ, ಯಾರ ಹಗ್ಗವೂ ಬೇಡ. ಹೆಕ್ಕಿದ್ದನ್ನು ತಂದು ಅತ್ತಿಗೆಗೆ ಕೊಡುತ್ತಿದ್ದ. ನನ್ನ ಹತ್ತಿರ ಜಗಳವಾಡಲಿಲ್ಲ. ಕೇಳಿದ್ದಕ್ಕೆ ಹ್ಞಾಂ, ಹ್ಞೂಂ. ಅಣ್ಣ ಎಂದು ಕರೆಯುವುದನ್ನು ನಿಲ್ಲಿಸಿದ್ದ. ಒಂದು ದಿನ ಅವಳಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು:

"ರೈಲ್ ಶುರುವಾಪುದೇ ಹೋತೆ ಅತ್ತಿಗೆ. ಮತ್ತ್ ಬಪ್ದಿಲ್ಲೆ. ಖೋಲಿಯಲ್ ಒಂಬತ್ ಜನ ಇದ್ರೂ ಯಾರೂ ಎದ್ದ್ ಹೋಗ್ ಅನ್ಲಿಲ್ಲ."

ನಾನು ನನಗೇ ಸಮಾಧಾನ ಹೇಳಿಕೊಂಡೆ. ಇಪ್ಪತ್ತೆರಡು ಮನೆಯ ಊಟ, ಬಲೆ ಹೋಗುತ್ತಿತ್ತು, ಜನ ಹೆದರಿದ್ದರು. ಎಲ್ಲವೂ ನಿಜವೇ. ನಿಜ ಹೇಳಿಕೊಂಡರೂ ಮನಸ್ಸು ನಿಲ್ಲಲಿಲ್ಲ. ದಡದಲ್ಲಿ ನಿಂತು ಕೂಗಿ ಕೂಗಿ ಬಂದ ಸುಸ್ತಿಗೆ ಮೊದಲೆಲ್ಲ ಬಿದ್ದಲ್ಲಿ ನಿದ್ದೆ ಬರುತ್ತಿತ್ತು. ಈಗ ಕೆಲಸ ಅಷ್ಟೇ ಇದ್ದರೂ ಸುಸ್ತು ಮಾತ್ರ ಇಳಿಯುತ್ತಿರಲಿಲ್ಲ. ಊಟ ಕೈಯಲ್ಲೇ ಉಳಿಯುತ್ತಿತ್ತು.

ಆಮೇಲೆ ಒಂದು ಬೆಳಿಗ್ಗೆ ಎಳೆಯುತ್ತಿದ್ದಾಗ ನಾನು ಸುತ್ತಿದ ಹಸಿರು ಬೆಸುಗೆ ನೀರಿನಿಂದ ಮೇಲೆ ಬಂತು. ಯಾಕೋ ಅದನ್ನೇ ನೋಡುತ್ತ ನಿಂತೆ. ಮೊದಲನೆಯ ಕೋಲಿನವನ ಕೈಗೆ ಬಂತು. ಅವನು ಎಡಗೈಯಿಂದ ಬಲಗೈಗೆ ಎಳೆದು ಹಿಂದಕ್ಕೆ ಬಿಟ್ಟ. ಎರಡನೆಯವನು ಹಿಡಿದ. ಮೂರನೆಯವನು ಅಂಗೈಗೆ ಉಗಿದುಕೊಂಡು ಹಿಡಿದ. ಐದನೆಯವನು ಕಂಡಕ್ಟರ್. ಹಿಂದಿನ ದಿನ ಬ್ರಹ್ಮಾವರಕ್ಕೆ ಹೋಗಿ ಬಸ್ಸಿನ ಬ್ಯಾಟರಿ ನೋಡಿ, ಜನರ ನಡುವೆ ರೇಷನ್ ಸಾಲಿನಲ್ಲಿ ನಿಂತು ಬಂದಿದ್ದ. ಎಂಟನೆಯವನು ಯಜಮಾನರ ಅಳಿಯ. ಶಿವಮೊಗ್ಗದ ಕಡೆಯಿಂದ ಘಾಟಿ ಇಳಿದು ಬೈಕಿನಲ್ಲಿ ಬಂದವನು. ಯಾವ ಶಾಲೆಗೂ ಹೋಗಲಿಲ್ಲ, ಯಾವ ಪರೀಕ್ಷೆಯೂ ಆಗಲಿಲ್ಲ. ಬಂದ ಮೂರನೇ ದಿನವೇ, ಬಾರದ ಒಬ್ಬನ ಬದಲಿಗೆ, ಕೋಲಿನ ಹತ್ತಿರ ನಿಂತಿದ್ದ. ಯಾರೂ ಹಗ್ಗ ಬಿಟ್ಟಿರಲಿಲ್ಲ. ಅವನ ಕೋಲು ನಾನೇ ನೆಟ್ಟದ್ದು.

ಹಸಿರು ಬೆಸುಗೆ ಹನ್ನೊಂದು ಜನರ ಕೈ ದಾಟಿ ಹಿಂದಿನ ಸುರುಳಿಯ ಮೇಲೆ ಬಿತ್ತು.

ನಮ್ಮ ಕೋಲುಗಳು ಏನನ್ನೂ ತಡೆಯುತ್ತಿರಲಿಲ್ಲ. ಮೊದಲ ದಿನ ಬಟ್ಟೆಯ ಚೂರಿಗೆ ನಕ್ಕಾಗಲೇ ಅದು ನಮಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಕೋಲು ನೆಡುತ್ತಿದ್ದೆವು. ತಮ್ಮನ ಕೈ ಬೇಡ ಎಂದದ್ದು ರೋಗಕ್ಕೆ ಹೆದರಿ ಅಲ್ಲವೇ ಅಲ್ಲ ಎಂದು ನಾನು ಹೇಳುವುದಿಲ್ಲ, ಬೇರೆಯವರ ಹೆದರಿಕೆ ನಾನು ಅಳೆಯಲಾರೆ. ನನ್ನದು ಮಾತ್ರ ಅದಲ್ಲ. ಅಷ್ಟು ದಿನ ಅವನ ಕೋಣೆಯ ಹೊಸಿಲಲ್ಲೇ ಕೂತು ನಾನು ಉಂಡಿದ್ದೆ. ನನಗೆ ರೋಗದ ಹೆದರಿಕೆ ಇರಲಿಲ್ಲ.

ಮೇ ಮುಗಿಯಿತು. ಕಡಲು ಕಪ್ಪಾಯಿತು. ತೆಂಕಣ ಗಾಳಿ ಎದ್ದಿತು. ಇನ್ನೊಂದು ಎಳೆತ ಎಳೆದು ಬಲೆ ಅಟ್ಟಕ್ಕೇರಿಸುವುದು ಎಂದು ಮಾತಾಯಿತು. ವರ್ಷದ ಕೊನೆಯ ಎಳೆತಕ್ಕೆ ಕೇರಿಯವರೆಲ್ಲ ಬರುತ್ತಾರೆ. ಎಳೆಯಲು ಆಗದ ಮುದುಕಿಯರೂ ಬಂದು ಹಗ್ಗ ಮುಟ್ಟಿ ಹೋಗುತ್ತಾರೆ.

ಆ ಬೆಳಿಗ್ಗೆ ನಾನು ಇಪ್ಪತ್ತಮೂರು ಕೋಲು ನೆಟ್ಟೆ. ಸಿಪ್ಪೆ ಕೆತ್ತಿದ್ದನ್ನು ತುದಿಯಲ್ಲಿ ನೆಡಲಿಲ್ಲ. ತೆಂಕಣ ಹಗ್ಗದ ಮೊದಲನೆಯದಾಗಿ, ನೀರಿನ ಬಾಯಲ್ಲೇ ನೆಟ್ಟೆ. ಅಲ್ಲಿ ನಿಂತವನು ಹಿಡಿದ ಹಗ್ಗವೇ ಉಳಿದವರಿಗೆಲ್ಲ ಹೋಗಬೇಕು.

ಯಜಮಾನರು ಎಣಿಸಿದರು. "ಒಂದ್ ಹೆಚ್ಚಾಯ್ತಲೆ ಮಾರಾಯ."

"ಹೆಚ್ಚಾಯ್ಲಿಲ್ಲ. ಅವತ್ತ್ ಕಡ್ಮಿ ಆದ್ದ್."

ದೋಣಿಯವರು ಹುಟ್ಟು ಹಿಡಿದು ನಿಂತಿದ್ದರು. ನಾನು ಹೇಳಿದೆ, ತಮ್ಮ ಬಂದು ಆ ಕೋಲಿನ ಹತ್ತಿರ ನಿಂತ ಮೇಲೆ ಬಟ್ಟೆ ಬೀಸುತ್ತೇನೆ, ಮೊದಲಲ್ಲ ಎಂದು. ಧೈರ್ಯದಿಂದ ಹೇಳಿದೆ ಎಂದುಕೊಳ್ಳಬೇಡಿ.

"ಕಡ್ಲ್ ನಿನ್ ತಮ್ಮನ್ನ್ ಕಾಯ್ತಿಲ್ಲೆ" ಎಂದರು ಯಜಮಾನರು. "ಮೋಡ ಕಾಣ್. ಬೀಸುದಾರೆ ಬೀಸ್, ಇಲ್ದಿದ್ರೆ ಬಟ್ಟೆ ಕೊಡ್."

ಅವರ ಮಾತಿನಲ್ಲಿ ಸಿಟ್ಟು ಅಷ್ಟಿರಲಿಲ್ಲ. ಅವರಿಗೂ ಸುಸ್ತಾಗಿತ್ತು. ನಾನು ಬಟ್ಟೆಯನ್ನು ಅವರ ಕೈಗೆ ಕೊಟ್ಟೆ. ಅದು ಅಪ್ಪನ ಕೆಂಪು ಪಾಣಿಪಂಚೆಯ ತುಂಡು. ಕೊಟ್ಟು ರಸ್ತೆಯ ಕಡೆ ನಡೆದೆ. ಹಿಂದಿನಿಂದ ಕಂಡಕ್ಟರ್ ಓಡಿ ಬಂದ.

"ತಾಂಡೇಲ್ರೇ, ಎಲ್ಲಿಗ್ ಹೊಪ್ದ್? ಬನ್ನಿ, ಯಜಮಾನ್ರಿಗ್ ನೀರ್ ಕಾಂತಿಲ್ಲೆ, ಕಣ್ಣ್ ಪೊರೆ!"

ನಾನು ನಿಲ್ಲಲಿಲ್ಲ. ಹೆದ್ದಾರಿಯಲ್ಲಿ ಲಾರಿಗಳು ಮತ್ತೆ ಶುರುವಾಗಿದ್ದವು. ದಾಟಿ ಹೊಳೆಯ ದಂಡೆಗೆ ಇಳಿದೆ. ಅಲ್ಲಿ ಮಳಿ ಹೆಕ್ಕುವ ನಾಲ್ಕೈದು ಹೆಂಗಸರು ಇದ್ದರು. ತಮ್ಮ ಅವರಿಗಿಂತ ಬಹಳ ಆಚೆ, ಎದೆಮಟ್ಟದ ನೀರಿನಲ್ಲಿ. ಪಕ್ಕದಲ್ಲಿ ಅಲ್ಯೂಮಿನಿಯಂ ಪಾತ್ರೆ ತೇಲುತ್ತಿತ್ತು. ನಾನು ಪಂಚೆ ಎತ್ತಿಕಟ್ಟಿ ನೀರಿಗೆ ಕಾಲಿಟ್ಟೆ.

"ಅಲ್ಲೇ ನಿಲ್ಲ್" ಎಂದ. "ದೂರ ನಿಲ್ಕ್ ಅಲ್ದಾ, ತಾಂಡೇಲ್ರೇ?"

ನಿಂತೆ. ಮೊಣಕಾಲಿನವರೆಗೆ ನೀರು.

"ಕೋಲ್ ನೆಟ್ಟಿದೆ. ನಿಂದೇ ಮೊದ್ಲಿನ್ದ್. ಬಾ."

"ಬೇಡ. ನಂಗ್ ಇಲ್ಲ್ ಕೋಲಿಲ್ದೇ ನಿಲ್ಲುಕಾತ್ತ್."

ಅಷ್ಟು ಹೇಳಿ ಕಾಲಿನಲ್ಲಿ ಕೆಸರು ತಡವತೊಡಗಿದ. ಬಗ್ಗಿ ಒಂದು ಮಳಿ ತೆಗೆದು ಪಾತ್ರೆಗೆ ಹಾಕಿದ. ಟಣ್ ಎಂದಿತು. ರಸ್ತೆಯಾಚೆ ಕಡಲಿನಿಂದ ಎಳೆಯುವವರ ಕೂಗು ಕೇಳಿತು. ನಾನಿಲ್ಲದೆ ಶುರು ಮಾಡಿದ್ದರು. ಅವನೂ ಕೇಳಿಸಿಕೊಂಡು ಆ ಕಡೆ ತಲೆಯೆತ್ತಿದ. ಬಟ್ಟೆ ನನ್ನ ಕೈಯಲ್ಲಿಲ್ಲ ಎಂದು ಅವನಿಗೆ ಅರ್ಥವಾಯಿತು. ಆದರೂ ಹೆಜ್ಜೆ ಕದಲಿಸಲಿಲ್ಲ.

ನಮ್ಮಲ್ಲಿ ಅಣ್ಣ ತಮ್ಮನ ಹತ್ತಿರ ತಪ್ಪಾಯಿತು ಎನ್ನುವ ಪದ್ಧತಿ ಇಲ್ಲ. ಊಟಕ್ಕೆ ಕರೆಯುತ್ತೇವೆ, ಮೀನಿನ ದೊಡ್ಡ ತುಂಡು ಬಟ್ಟಲಿಗೆ ಹಾಕುತ್ತೇವೆ. ಅದನ್ನೇ ತಪ್ಪಾಯಿತು ಎಂದು ತಿಳಿದುಕೊಳ್ಳಬೇಕು. ನಾನೂ ಅಷ್ಟು ದಿನ ಅದನ್ನೇ ಮಾಡಿದ್ದೆ. ಚೀಲ ಇಟ್ಟೆ, ಕೋಲು ನೆಟ್ಟೆ. ಬಾಯಲ್ಲಿ ಹೇಳಿರಲಿಲ್ಲ. ಹಗ್ಗ ಬಿಡು ಎಂದು ಇಪ್ಪತ್ತೆರಡು ಜನರ ಮುಂದೆ ಬಾಯಲ್ಲೇ ಅಲ್ಲವೇ ಹೇಳಿದ್ದು.

ಹೇಳಿದೆ. ಮೊದಲ ಸಲ ಎಷ್ಟು ಮೆಲ್ಲಗೆ ಹೇಳಿದೆನೆಂದರೆ ಒಂದು ಲಾರಿ ಹೋದ ಸದ್ದಿಗೆ ನನಗೇ ಕೇಳಲಿಲ್ಲ.

"ಎಂತ?" ಎಂದ ತಮ್ಮ.

ಹೆಂಗಸರು ಹೆಕ್ಕುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಹಿಂದೆ ದಂಡೆಯ ಮೇಲೆ ಕಂಡಕ್ಟರ್ ನಿಂತಿದ್ದ. ಅವನು ಹೋಗಲಿ ಎಂದು ಕಾಯಬಹುದಿತ್ತು. ಕಾಯಲಿಲ್ಲ. ಹಗ್ಗದವರಿಗೆ ಕೂಗುವ ದನಿಯಲ್ಲಿ, ಹೊಳೆಯ ಆಚೆ ದಡಕ್ಕೂ ಕೇಳುವ ಹಾಗೆ ಕೂಗಿದೆ:

"ಸಣ್ಣಾ! ನಿಂಗ್ ಹಗ್ಗ ಬಿಡ್ ಅಂದದ್ದ್ ನಂದ್ ತಪ್ಪ್! ಊರಿನವ್ರ್ ಹೇಳ್ರ್ ಅಂದಲ್ಲ, ರೋಗಕ್ಕ್ ಹೆದ್ರಿಯೂ ಅಲ್ಲ. ನನ್ನ್ ತಾಂಡೇಲ್ಕಿ ಹೋತ್ತ್ ಅಂದ್ ಹೇಳದ್ದ್! ಕೋಲ್ ಇಡ್ತೆ ಅಂದ್ ಕರ್ಸಿ, ಇದ್ದ ಕೋಲ್ ನಾನೇ ಅಡ್ಗ್ಸಿಟ್ಟೆ. ತಪ್ಪಾಯ್ತ್ ಮಾರಾಯ. ನಂಗ್ ತಪ್ಪಾಯ್ತ್."